ಪರವಾನಗಿಯ ಜುಟ್ಟು ಹಿಡಿದ ವೀಕ್ಷಕರು

ಅಮೆರಿಕದ ದೂರದರ್ಶನದ ಇತಿಹಾಸದಲ್ಲಿ 1968ನೆಯ ವರ್ಷಕ್ಕೆ ಒಂದು ವಿಶೇಷ ಸ್ಥಾನವಿದೆ. ಕಪ್ಪು ಜನರು ತಮ್ಮ ಊರಿನ, ತಮ್ಮ ಕೇರಿಯ, ತಮ್ಮ ರಾಜಕೀಯದ ವಿಷಯಗಳನ್ನು ತಾವೇ ಕುಳಿತು ಚರ್ಚಿಸುವ ಕಾರ್ಯಕ್ರಮಗಳು ಒಂದೇ ವರ್ಷದಲ್ಲಿ ಹಲವು ನಗರಗಳಲ್ಲಿ ಆರಂಭವಾದವು. ನ್ಯೂಯಾರ್ಕಿನಲ್ಲಿ 'ಇನ್‌ಸೈಡ್ ಬೆಡ್‌ಫರ್ಡ್-ಸ್ಟೈವೆಸೆಂಟ್', 'ಲೈಕ್ ಇಟ್ ಈಸ್' ಮತ್ತು 'ಸೋಲ್!', ಬಾಸ್ಟನ್ನಿನಲ್ಲಿ 'ಸೇ ಬ್ರದರ್', ಡೆಟ್ರಾಯಿಟ್‌ನಲ್ಲಿ ಮುಂದೆ 'ಡೆಟ್ರಾಯಿಟ್ ಬ್ಲ್ಯಾಕ್ ಜರ್ನಲ್' ಎಂದು ಹೆಸರಾದ ಕಾರ್ಯಕ್ರಮ, ಇಡೀ ದೇಶಕ್ಕೆ, ದೇಣಿಗೆ ಮತ್ತು ಅನುದಾನದಿಂದ ನಡೆಯುವ ಸಾರ್ವಜನಿಕ ದೂರದರ್ಶನದ ಮೂಲಕ 'ಬ್ಲ್ಯಾಕ್ ಜರ್ನಲ್' — ಇವೆಲ್ಲವೂ ಆ ವರ್ಷದ ಕೂಸುಗಳು. ಅದಕ್ಕೆ ಹಿಂದಿನ ವರ್ಷ ನೆವಾರ್ಕ್ ಮತ್ತು ಡೆಟ್ರಾಯಿಟ್ ಹೊತ್ತಿ ಉರಿದಿದ್ದವು. 1968ರ ಆರಂಭದಲ್ಲೇ ಹೊರಬಿದ್ದ, ಆ ಗಲಭೆಗಳ ಕಾರಣ ಹುಡುಕಲು ಸರ್ಕಾರ ನೇಮಿಸಿದ್ದ ಕರ್ನರ್ ಆಯೋಗದ ವರದಿಯು, ದೇಶದ ಸುದ್ದಿಮಾಧ್ಯಮಗಳು ಬಿಳಿಯರ ಕಣ್ಣಿನಿಂದ ಮಾತ್ರ ಜಗತ್ತನ್ನು ನೋಡುತ್ತಿವೆ ಎಂದು ನೇರವಾಗಿ ಆಪಾದಿಸಿತ್ತು. ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾಯಿತು.

ಈ ಕಾರ್ಯಕ್ರಮಗಳ ಬಗ್ಗೆ ಬರೆಯುವ ಅನೇಕರು ಇಷ್ಟನ್ನು ಹೇಳಿ, ಗಲಭೆಯ ಭಯ ಮತ್ತು ಪಶ್ಚಾತ್ತಾಪದಿಂದ ನಿಲ್ದಾಣಗಳು ಬಾಗಿಲು ತೆರೆದವು ಎಂಬಲ್ಲಿಗೆ ಮಾತು ಮುಗಿಸುತ್ತಾರೆ. ಆರಂಭದ ಮಟ್ಟಿಗೆ ಅದು ನಿಜ. ಆದರೆ ಭಯಕ್ಕೂ ಪಶ್ಚಾತ್ತಾಪಕ್ಕೂ ಆಯುಷ್ಯ ಕಡಿಮೆ. ಎರಡು ವರ್ಷ ಕಳೆಯುವಷ್ಟರಲ್ಲಿ ಹಣ ಕೊಡುವವರ ಕೈ ಹಿಂದೆ ಸರಿಯಿತು, ನಿಲ್ದಾಣಗಳ ಉತ್ಸಾಹ ಇಳಿಯಿತು, ಕೆಲವು ಕಾರ್ಯಕ್ರಮಗಳನ್ನು ನಿಲ್ಲಿಸುವ ಪ್ರಯತ್ನವೂ ನಡೆಯಿತು. ಹಾಗಿದ್ದರೂ ಅವುಗಳಲ್ಲಿ ಕೆಲವು ದಶಕಗಳ ಕಾಲ ಬಾಳಿದವು, ಒಂದಾದರೂ ಇಂದಿಗೂ ನಡೆಯುತ್ತಿದೆ. ಉಳಿಸಿಕೊಂಡವರು ವೀಕ್ಷಕರು. ಚರ್ಚುಗಳ ಸದಸ್ಯರು, ತಾಯಂದಿರ ಸಂಘದವರು, ವಿದ್ಯಾರ್ಥಿಗಳು, ಶಿಕ್ಷಕರು, ಬಡಾವಣೆಯ ಬಾಡಿಗೆದಾರರು. ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಅವರು ಪ್ರಸಾರ ಪರವಾನಗಿಯ ಕಾನೂನನ್ನು ಕಲಿತ ರೀತಿ. ಆ ಕಾನೂನು ಕೈಯಲ್ಲಿದ್ದಾಗ ಅವರ ಮಾತಿಗೆ ಎಷ್ಟು ತೂಕವಿತ್ತು, ಅದು ಕೈ ತಪ್ಪಿದ ಮೇಲೆ ಏನಾಯಿತು ಎಂಬುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿದೆ.

ಮೊದಲು ಈ ಕಾರ್ಯಕ್ರಮಗಳಲ್ಲಿ ಇದ್ದದ್ದೇನು ಎಂದು ಹೇಳದಿದ್ದರೆ, ಜನ ಅವುಗಳಿಗಾಗಿ ಬೀದಿಗೆ ಏಕೆ ಇಳಿದರು ಎಂಬುದು ತಿಳಿಯಲಾರದು. 'ಇನ್‌ಸೈಡ್ ಬೆಡ್‌ಫರ್ಡ್-ಸ್ಟೈವೆಸೆಂಟ್' ಬ್ರೂಕ್ಲಿನ್‌ನ ಒಂದೇ ಒಂದು ಬಡಾವಣೆಯನ್ನು ಕುರಿತ ಅರ್ಧ ಗಂಟೆಯ ಕಾರ್ಯಕ್ರಮ. ರಾಕ್ಸಿ ರೋಕರ್ ಮತ್ತು ಜಿಮ್ ಲೌರಿ ಅದರ ನಿರೂಪಕರು, ಚಾರ್ಲ್ಸ್ ಹಾಬ್ಸನ್ ನಿರ್ಮಾಪಕರು. ಸ್ಟುಡಿಯೊದ ಗೋಡೆಗಳ ನಡುವೆ ಕೂರದೆ ಅವರು ಕ್ಯಾಮೆರಾವನ್ನು ಬಡಾವಣೆಯ ಬೀದಿಗೂ ಉದ್ಯಾನಕ್ಕೂ ಕೊಂಡೊಯ್ದರು. ಅಂತರ್ಜಾಲದಲ್ಲಿ ಸಿಗುವ ಅದರ ಕಂತುಗಳನ್ನು ನೋಡುವಾಗ ನನ್ನ ಕಣ್ಣು ಮತ್ತೆ ಮತ್ತೆ ಹೋಗುವುದು ಮಾತನಾಡುವವರ ಹಿಂಬದಿಗೆ. ಅಲ್ಲಿ ಆ ಬಡಾವಣೆಯೇ ಇದೆ. ಮಾತಿನ ವಿಷಯವೂ ಅಲ್ಲಿನದೇ: ಬಾಡಿಗೆ, ಶಾಲೆ, ಉದ್ಯೋಗ, ಪೊಲೀಸರು. ಅದೇ ವರ್ಷಗಳ ಸಂಜೆಯ ಸುದ್ದಿಯಲ್ಲಿ ಅದೇ ಬಡಾವಣೆ ಕಾಣಿಸಿಕೊಳ್ಳುತ್ತಿದ್ದುದು ಹೆಚ್ಚಾಗಿ ಅಪರಾಧ ನಡೆದಾಗ ಅಥವಾ ಬೆಂಕಿ ಬಿದ್ದಾಗ. ತಮ್ಮ ನೆರೆಯವರು ತಮ್ಮ ಮಾತಿನಲ್ಲಿ ತಮ್ಮ ಬಾಳನ್ನು ವಿವರಿಸುವುದನ್ನು ಪರದೆಯ ಮೇಲೆ ಮೊದಲ ಸಲ ಕಂಡವರಿಗೆ ಅದು ಎಂಥ ಅನುಭವವಾಗಿದ್ದಿರಬೇಕು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಈ ಕಾರ್ಯಕ್ರಮಗಳು ಹುಟ್ಟುವ ನಾಲ್ಕು ವರ್ಷ ಮೊದಲೇ, ಅವುಗಳನ್ನು ಉಳಿಸುವ ಸಾಧನವೊಂದು ಮಿಸಿಸಿಪ್ಪಿ ರಾಜ್ಯದ ರಾಜಧಾನಿ ಜಾಕ್ಸನ್ನಿನಲ್ಲಿ ರೂಪುಗೊಳ್ಳತೊಡಗಿತ್ತು. ಅಲ್ಲಿನ ಡಬ್ಲ್ಯುಎಲ್‌ಬಿಟಿ ಎಂಬ ನಿಲ್ದಾಣದ ವ್ಯಾಪ್ತಿಯಲ್ಲಿ ಸುಮಾರು 45 ಪ್ರತಿಶತ ಜನ ಕಪ್ಪು ವರ್ಣದವರು. ಆದರೆ ನಿಲ್ದಾಣ ನಡೆಯುತ್ತಿದ್ದುದು ಬಿಳಿಯರನ್ನೂ ಕಪ್ಪು ಜನರನ್ನೂ ಬೇರೆಬೇರೆಯಾಗಿಡುವ ಪ್ರತ್ಯೇಕತಾ ನೀತಿಯ ಮುಖವಾಣಿಯಂತೆ. 1955ರಲ್ಲಿ ಕಪ್ಪು ಜನರ ಹಕ್ಕುಗಳಿಗಾಗಿ ವಾದಿಸುತ್ತಿದ್ದ ಕಪ್ಪು ವಕೀಲ ಥರ್ಗುಡ್ ಮಾರ್ಷಲ್ ಅವರು ರಾಷ್ಟ್ರೀಯ ಜಾಲದ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡಾಗ, ಜಾಕ್ಸನ್ನಿನ ಪರದೆಯ ಮೇಲೆ ಕೇಬಲ್ ತೊಂದರೆಗಾಗಿ ಕ್ಷಮೆ ಕೋರುವ ಫಲಕ ಬಂತು. ಕಪ್ಪು ಪಾದ್ರಿ ರಾಬರ್ಟ್ ಎಲ್. ಟಿ. ಸ್ಮಿತ್ ಅವರು 1962ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿಗೆ ಸ್ಪರ್ಧಿಸಿದಾಗ, ಹಣ ಕೊಡುತ್ತೇನೆಂದರೂ ಅವರಿಗೆ ಪ್ರಚಾರದ ಸಮಯ ಕೊಡಲು ನಿಲ್ದಾಣ ಬಹಳ ಕಾಲ ಒಪ್ಪಲಿಲ್ಲ. ನಾಗರಿಕ ಹಕ್ಕುಗಳ ಹೋರಾಟಗಾರ ಮೆಡ್ಗರ್ ಎವರ್ಸ್ ಅವರು ಸತತವಾಗಿ ದೂರು ಬರೆದ ಫಲವಾಗಿ 1963ರ ಮೇ 20ರಂದು ಅವರಿಗೆ, ನಗರದ ಮೇಯರ್‌ಗೆ ಉತ್ತರ ಕೊಡುವ ಸಲುವಾಗಿ, 17 ನಿಮಿಷಗಳ ಅವಕಾಶ ಸಿಕ್ಕಿತು. ಮಿಸಿಸಿಪ್ಪಿಯ ಕಪ್ಪು ಜನರ ಬೇಡಿಕೆಗಳನ್ನು ಕಪ್ಪು ಮನುಷ್ಯನೊಬ್ಬನ ಬಾಯಿಂದಲೇ ಆ ಊರು ಅಂದು ಕೇಳಿತು. ಇದಾದ ಒಂದು ತಿಂಗಳೊಳಗೆ, ಜೂನ್ 12ರಂದು, ಅವರನ್ನು ಮನೆಯ ಮುಂದೆಯೇ ಗುಂಡಿಟ್ಟು ಕೊಂದರು.

ಯುನೈಟೆಡ್ ಚರ್ಚ್ ಆಫ್ ಕ್ರೈಸ್ಟ್‌ನ ಸಂವಹನ ವಿಭಾಗದ ಮುಖ್ಯಸ್ಥರಾಗಿದ್ದ ಪಾದ್ರಿ ಎವರೆಟ್ ಪಾರ್ಕರ್ ಅವರು, ಆ ನಿಲ್ದಾಣದ ಪರವಾನಗಿ ನವೀಕರಣಕ್ಕೆ ಬರುವ ಸಮಯವನ್ನೇ ಕಾದು ಪ್ರಶ್ನೆ ಎತ್ತಲು ನಿರ್ಧರಿಸಿದರು. ಬರೀ ಆಪಾದನೆ ಹೊರಿಸಿದರೆ ಸಾಲದು, ದಾಖಲೆ ಬೇಕು. ಆದ್ದರಿಂದ 1964ರ ಮಾರ್ಚ್ 1ರಿಂದ 7ರವರೆಗೆ ಸ್ವಯಂಸೇವಕರು ದೂರದರ್ಶನದ ಮುಂದೆ ಕುಳಿತು, ಪ್ರಸಾರವಾದದ್ದನ್ನೆಲ್ಲ ಬರೆದಿಟ್ಟುಕೊಂಡರು. ಯಾವ ಕಾರ್ಯಕ್ರಮದಲ್ಲಿ ಯಾರು ಕಾಣಿಸಿಕೊಂಡರು, ಎಷ್ಟು ಹೊತ್ತು ಮಾತನಾಡಿದರು, ಅವರನ್ನು ಹೇಗೆ ಸಂಬೋಧಿಸಲಾಯಿತು ಎಂಬುದೆಲ್ಲ ಲೆಕ್ಕಕ್ಕೆ ಬಂತು. ಕೆಲಸ ಗುಟ್ಟಾಗಿ ನಡೆಯಿತು, ಬರೆದವರ ಹೆಸರುಗಳನ್ನೂ ಗುಟ್ಟಾಗಿಡಬೇಕಾಯಿತು. ಆ ವರ್ಷದ ಮಿಸಿಸಿಪ್ಪಿಯಲ್ಲಿ ಒಂದು ವಾರ ಟಿವಿ ನೋಡಿ ಟಿಪ್ಪಣಿ ಮಾಡುವುದೂ ಜೀವಕ್ಕೆ ಅಪಾಯ ತರಬಲ್ಲ ಕೆಲಸವಾಗಿತ್ತು. ಹೋರಾಟವೆಂದರೆ ಮೆರವಣಿಗೆ, ಘೋಷಣೆ ಎಂದು ಕಲ್ಪಿಸಿಕೊಳ್ಳುವ ನಮಗೆ, ಮುಚ್ಚಿದ ಕೋಣೆಯಲ್ಲಿ ಕಾಗದ ಪೆನ್ಸಿಲು ಹಿಡಿದು ಕುಳಿತ ಆ ಜನರ ತಾಳ್ಮೆ ಎದ್ದು ಕಾಣುವುದಿಲ್ಲ. ಆದರೆ ಮುಂದಿನದೆಲ್ಲ ನಿಂತದ್ದು ಆ ಹಾಳೆಗಳ ಮೇಲೆ.

ಆ ದಾಖಲೆಯನ್ನಿಟ್ಟುಕೊಂಡು ಚರ್ಚ್ ಸಂಸ್ಥೆಯೂ, ಕಪ್ಪು ಜನರ ಹಕ್ಕುಗಳ ಸಂಘಟನೆಯಾದ ಎನ್‌ಎಎಸಿಪಿಯ ರಾಜ್ಯ ಅಧ್ಯಕ್ಷ ಆರನ್ ಹೆನ್ರಿ ಮತ್ತು ಅದೇ ರಾಬರ್ಟ್ ಸ್ಮಿತ್ ಅವರೂ ಪರವಾನಗಿಯ ನವೀಕರಣಕ್ಕೆ ತಕರಾರು ಅರ್ಜಿ ಸಲ್ಲಿಸಿದರು. ಪ್ರಸಾರವನ್ನು ನಿಯಂತ್ರಿಸುವ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್, ಅಂದರೆ ಎಫ್‌ಸಿಸಿ, ಅರ್ಜಿದಾರರಿಗೆ ಅಂಥ ಹಕ್ಕೇ ಇಲ್ಲವೆಂದಿತು. ಅಲ್ಲಿಯವರೆಗಿನ ನಿಯಮದಂತೆ, ಒಂದು ನಿಲ್ದಾಣದಿಂದ ವ್ಯಾಪಾರದಲ್ಲಿ ನಷ್ಟವಾಗುವವರು ಅಥವಾ ತರಂಗಗಳ ಅಡ್ಡಿಯಿಂದ ತೊಂದರೆಗೊಳಗಾಗುವವರು ಮಾತ್ರ ತಕರಾರು ಎತ್ತಬಹುದಿತ್ತು. ಮನೆಯಲ್ಲಿ ಕುಳಿತು ನೋಡುವ ಮನುಷ್ಯನಿಗೆ ಕಾನೂನಿನ ಕಣ್ಣಿನಲ್ಲಿ ಅಸ್ತಿತ್ವವೇ ಇರಲಿಲ್ಲ. 1966ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯ ಇದನ್ನು ತಳ್ಳಿಹಾಕಿತು. ಪ್ರಸಾರದ ತರಂಗಗಳು ಸಾರ್ವಜನಿಕರ ಸೊತ್ತು, ಅವುಗಳನ್ನು ಬಳಸುವವನು ಸಾರ್ವಜನಿಕರ ಋಣವನ್ನು ಹೊತ್ತಿರುತ್ತಾನೆ, ಆದ್ದರಿಂದ ಕೇಳುವ ನೋಡುವ ಜನರ ಪ್ರತಿನಿಧಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದು ಆ ತೀರ್ಪಿನ ಸಾರ. ಅದನ್ನು ಬರೆದವರು ವಾರನ್ ಬರ್ಗರ್. ಕಮಿಷನ್ ಮತ್ತೊಮ್ಮೆ ವಿಚಾರಣೆಯ ಶಾಸ್ತ್ರ ಮುಗಿಸಿ 1968ರಲ್ಲಿ ಅದೇ ಮಾಲೀಕರಿಗೆ ಪರವಾನಗಿ ಕೊಟ್ಟಿತು. 1969ರಲ್ಲಿ ಬರ್ಗರ್ ಅವರೇ ಮತ್ತೆ ತೀರ್ಪು ಬರೆದು ಆ ಪರವಾನಗಿಯನ್ನು ರದ್ದುಗೊಳಿಸಿದರು. ಆಗ ಅವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಲು ಕೆಲವೇ ದಿನಗಳು ಉಳಿದಿದ್ದವು. 1971ರಲ್ಲಿ ನಿಲ್ದಾಣದ ಆಡಳಿತ ಲಾಭದ ಉದ್ದೇಶವಿಲ್ಲದ ತಾತ್ಕಾಲಿಕ ಸಂಸ್ಥೆಯೊಂದರ ಕೈಗೆ ಬಂತು, ಮರುವರ್ಷ ವಿಲಿಯಂ ಡಿಲ್ಡೇ ಅದರ ಪ್ರಧಾನ ವ್ಯವಸ್ಥಾಪಕರಾದರು. ಥರ್ಗುಡ್ ಮಾರ್ಷಲ್ ಅವರ ಮುಖವನ್ನು ಮರೆಮಾಡಿದ್ದ ನಿಲ್ದಾಣದ ಮೇಲಧಿಕಾರಿಯ ಕುರ್ಚಿಯಲ್ಲಿ ಈಗ ಕಪ್ಪು ಮನುಷ್ಯನೊಬ್ಬ ಕುಳಿತಿದ್ದ.

ಹೀಗೆ ನಿಲ್ದಾಣಗಳ ಜುಟ್ಟು ವೀಕ್ಷಕರ ಕೈಗೆ ಸಿಕ್ಕಿತು. ಆ ಕಾಲದಲ್ಲಿ ಪರವಾನಗಿಯ ಅವಧಿ ಮೂರೇ ವರ್ಷ. ಮೂರು ವರ್ಷಕ್ಕೊಮ್ಮೆ ಪ್ರತಿ ನಿಲ್ದಾಣವೂ ತಾನು ಊರಿಗೆ ಸಲ್ಲಿಸಿದ ಸೇವೆಯ ಲೆಕ್ಕ ಒಪ್ಪಿಸಬೇಕಿತ್ತು. ಅಷ್ಟೇ ಅಲ್ಲದೆ ಊರಿನ ಸಮಸ್ಯೆಗಳೇನು ಎಂಬುದನ್ನು ಸಮುದಾಯದ ಮುಖಂಡರನ್ನೂ ಸಾಮಾನ್ಯ ಜನರನ್ನೂ ಕೇಳಿ ತಿಳಿದು, ಅವುಗಳಿಗೆ ಸ್ಪಂದಿಸುವ ಕಾರ್ಯಕ್ರಮಗಳನ್ನು ತೋರಿಸಬೇಕು ಎಂಬ ಕಟ್ಟುಪಾಡೂ ಇತ್ತು. 1971ರಲ್ಲಿ ಎಫ್‌ಸಿಸಿ ಅದಕ್ಕೆ ವಿವರವಾದ ಮಾರ್ಗಸೂಚಿಯನ್ನೇ ಹೊರಡಿಸಿತು. ಈ ಕಾಗದಪತ್ರಗಳ ಭಾಷೆಯನ್ನು ಕಪ್ಪು ಸಮುದಾಯಗಳಿಗೆ ಕಲಿಸಿದ ಸಂಘಟನೆಗಳಲ್ಲಿ ವಾಷಿಂಗ್ಟನ್ನಿನ ವಿಲಿಯಂ ರೈಟ್ ಕಟ್ಟಿದ 'ಬ್ಲ್ಯಾಕ್ ಎಫರ್ಟ್ಸ್ ಫಾರ್ ಸೋಲ್ ಇನ್ ಟೆಲಿವಿಷನ್', ಅಂದರೆ 'ಬೆಸ್ಟ್', ಪ್ರಮುಖವಾದದ್ದು. ಅರ್ಜಿ ಹೇಗೆ ಬರೆಯಬೇಕು, ನಿಲ್ದಾಣದ ಕಡತದಲ್ಲಿ ಏನನ್ನು ನೋಡಬೇಕು, ಯಾವ ದಿನದೊಳಗೆ ಸಲ್ಲಿಸಬೇಕು ಎಂಬುದನ್ನೆಲ್ಲ ಅವರು ಊರೂರಿನ ಗುಂಪುಗಳಿಗೆ ಹೇಳಿಕೊಟ್ಟರು. ಕಮಿಷನ್ನಿನಲ್ಲಿ ಕಪ್ಪು ಸದಸ್ಯರೊಬ್ಬರು ಇರಬೇಕೆಂದು ಒತ್ತಾಯಿಸಿದವರಲ್ಲೂ ಅವರಿದ್ದರು. 1972ರಲ್ಲಿ ಬೆಂಜಮಿನ್ ಹುಕ್ಸ್ ಆ ಸ್ಥಾನಕ್ಕೆ ಬಂದ ಮೊದಲಿಗರಾದರು.

ಇಂಥ ಅರ್ಜಿಗಳಲ್ಲಿ ಬಹುಪಾಲು ತಿರಸ್ಕೃತವಾದವು ಎಂಬುದನ್ನು ಹೇಳಲೇಬೇಕು. ಪರವಾನಗಿ ಕಳೆದುಕೊಂಡ ನಿಲ್ದಾಣಗಳು ಬೆರಳೆಣಿಕೆಯಷ್ಟು. ಆದರೆ ಅರ್ಜಿಯ ಬಲವಿದ್ದದ್ದು ಗೆಲುವಿಗಿಂತ ಹೆಚ್ಚಾಗಿ ವಿಳಂಬದಲ್ಲಿ. ತಕರಾರು ಬಾಕಿ ಇರುವಷ್ಟು ಕಾಲ ನಿಲ್ದಾಣದ ಭವಿಷ್ಯ ತೂಗುಯ್ಯಾಲೆಯಲ್ಲಿರುತ್ತಿತ್ತು, ಅದನ್ನು ಮಾರುವುದೂ ಕಷ್ಟವಾಗುತ್ತಿತ್ತು, ವಕೀಲರ ಖರ್ಚು ಏರುತ್ತಿತ್ತು. ಹೀಗಾಗಿ ಮಾಲೀಕರು ಮಾತುಕತೆಗೆ ಬಂದರು. 1969ರಲ್ಲಿ ಟೆಕ್ಸಾರ್ಕಾನಾದ ಕೆಟಿಎಎಲ್ ನಿಲ್ದಾಣವು ಅಲ್ಲಿನ ಕಪ್ಪು ಸಂಘಟನೆಗಳೊಂದಿಗೆ ಒಪ್ಪಂದ ಮಾಡಿಕೊಂಡು, ಕಪ್ಪು ವರದಿಗಾರರನ್ನು ನೇಮಿಸಿಕೊಳ್ಳುವುದಾಗಿಯೂ ಸಮುದಾಯದೊಂದಿಗೆ ನಿಯಮಿತವಾಗಿ ಸಮಾಲೋಚಿಸುವುದಾಗಿಯೂ ಬರೆದುಕೊಟ್ಟಿತು. 1971ರಲ್ಲಿ ಕ್ಯಾಪಿಟಲ್ ಸಿಟೀಸ್ ಕಂಪನಿ ಫಿಲಡೆಲ್ಫಿಯಾ ಮುಂತಾದ ನಗರಗಳ ನಿಲ್ದಾಣಗಳನ್ನು ಕೊಳ್ಳಲು ಹೊರಟಾಗ ಸ್ಥಳೀಯ ಗುಂಪುಗಳು ಅಡ್ಡ ನಿಂತವು. ಕೊನೆಗೆ ಅಲ್ಪಸಂಖ್ಯಾತ ಸಮುದಾಯಗಳ ಕಾರ್ಯಕ್ರಮಗಳಿಗಾಗಿ ಮೂರು ವರ್ಷಗಳಲ್ಲಿ 10 ಲಕ್ಷ ಡಾಲರ್ ವೆಚ್ಚ ಮಾಡುವುದಾಗಿ ಕಂಪನಿ ಒಪ್ಪಿಕೊಂಡಿತು. ಅನೇಕ ನಗರಗಳಲ್ಲಿ ಭಾನುವಾರದ ಕಪ್ಪು ಕಾರ್ಯಕ್ರಮಗಳು ಅಷ್ಟು ಕಾಲ ನಡೆದದ್ದಕ್ಕೆ, ನಿರ್ವಾಹಕರ ಮೇಜಿನ ಮೇಲೆ ಇಂದಲ್ಲ ನಾಳೆ ಇಂಥ ಅರ್ಜಿಯೊಂದು ಬಂದು ಬೀಳಬಹುದೆಂಬ ಎಚ್ಚರವೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಬಾಸ್ಟನ್ನಿನ 'ಸೇ ಬ್ರದರ್' ಕತೆಯಲ್ಲಿ ಸಮುದಾಯದ ಒತ್ತಡದ ಬಲವೂ ಮಿತಿಯೂ ಒಟ್ಟಿಗೇ ಕಾಣುತ್ತವೆ. ಡಬ್ಲ್ಯುಜಿಬಿಎಚ್ ಎಂಬ ಸಾರ್ವಜನಿಕ ನಿಲ್ದಾಣದಲ್ಲಿ 1968ರ ಜುಲೈನಲ್ಲಿ ಆರಂಭವಾದ ಈ ಕಾರ್ಯಕ್ರಮ, ಯುವ ನಿರ್ಮಾಪಕ ರೇ ರಿಚರ್ಡ್‌ಸನ್ ಅವರ ಕೈಯಲ್ಲಿ ತೀಕ್ಷ್ಣವಾಗಿ ಬೆಳೆಯಿತು. 1970ರ ಜುಲೈನಲ್ಲಿ ಪಕ್ಕದ ನ್ಯೂ ಬೆಡ್‌ಫರ್ಡ್ ಪಟ್ಟಣದಲ್ಲಿ ಗಲಭೆಯಾಗಿ, ಬಿಳಿಯರು ಹಾರಿಸಿದ ಗುಂಡಿಗೆ ಹದಿಹರೆಯದ ಹುಡುಗನೊಬ್ಬ ಬಲಿಯಾದ. ತಂಡ ಅಲ್ಲಿಗೆ ಹೋಗಿ ಆ ಊರಿನ ಯುವಕರ ಮಾತನ್ನು ಚಿತ್ರಿಸಿಕೊಂಡು ಬಂದು ಪ್ರಸಾರ ಮಾಡಿತು. ಅವರ ಸಿಟ್ಟಿನ ಮಾತಿನಲ್ಲಿ ಬೈಗುಳಗಳಿದ್ದವು. ಭಾಷೆ ಅಸಭ್ಯವಾಗಿದೆ ಎಂಬುದನ್ನೇ ಮುಂದಿಟ್ಟು ನಿಲ್ದಾಣ ಇಡೀ ಕಾರ್ಯಕ್ರಮವನ್ನೇ ನಿಲ್ಲಿಸಿತು. ಗುಂಡೇಟಿನಿಂದ ಮಗನೊಬ್ಬನನ್ನು ಕಳೆದುಕೊಂಡ ಕೇರಿಯ ಜನ ಸಭ್ಯವಾದ ವಾಕ್ಯಗಳಲ್ಲಿ ದುಃಖಿಸಬೇಕು ಎಂದು ನಿರೀಕ್ಷಿಸುವುದು ಯಾವ ನ್ಯಾಯವೆಂದು ನನಗೆ ಇಂದಿಗೂ ಅರ್ಥವಾಗಿಲ್ಲ. ಬಾಸ್ಟನ್ನಿನ ಕಪ್ಪು ಸಮುದಾಯ ಸುಮ್ಮನಿರಲಿಲ್ಲ. ಪ್ರತಿಭಟನೆಗಳು ನಡೆದವು, ಸಮುದಾಯದ ಸಮಿತಿಯೊಂದು ನಿಲ್ದಾಣದೊಡನೆ ಪಟ್ಟು ಹಿಡಿದು ಮಾತನಾಡಿತು, ಕಾರ್ಯಕ್ರಮ ಮತ್ತೆ ಆರಂಭವಾಯಿತು. ಆದರೆ ರಿಚರ್ಡ್‌ಸನ್ ಮರಳಲಿಲ್ಲ. ಹೆಸರನ್ನು ಉಳಿಸಿಕೊಡುತ್ತೇವೆ, ಅದಕ್ಕೆ ಜೀವ ಕೊಟ್ಟವನನ್ನು ಬಿಟ್ಟುಬಿಡಿ ಎಂಬ ಬಗೆಯ ರಾಜಿ ಈ ಇತಿಹಾಸದಲ್ಲಿ ಇದೊಂದೇ ಅಲ್ಲ. ಆದರೂ ಆ ಕಾರ್ಯಕ್ರಮ 1990ರ ದಶಕದ ಕೊನೆಯಲ್ಲಿ 'ಬೇಸಿಕ್ ಬ್ಲ್ಯಾಕ್' ಎಂಬ ಹೆಸರು ಪಡೆದು ಮುಂದುವರಿಯಿತು. ಹಾಗಾಗಿ 1970ರಲ್ಲಿ ಬೀದಿಗಿಳಿದವರ ಶ್ರಮ ವ್ಯರ್ಥವಾಯಿತೆಂದು ಯಾರೂ ಹೇಳಲಾರರು.

ರಾಷ್ಟ್ರಮಟ್ಟದ 'ಬ್ಲ್ಯಾಕ್ ಜರ್ನಲ್'ನ ಸಂಘರ್ಷ ಮೊದಲು ಒಳಗಿನಿಂದಲೇ ಎದ್ದಿತು. ಕಪ್ಪು ಜನರಿಂದ, ಕಪ್ಪು ಜನರಿಗಾಗಿ ಎಂದು ಹೇಳಿಕೊಂಡ ಕಾರ್ಯಕ್ರಮದ ಚುಕ್ಕಾಣಿ ಬಿಳಿಯ ನಿರ್ಮಾಪಕರ ಕೈಯಲ್ಲೇ ಇರುವುದನ್ನು ಪ್ರತಿಭಟಿಸಿ 1968ರ ಆಗಸ್ಟ್‌ನಲ್ಲಿ ಸಿಬ್ಬಂದಿ ಕೆಲಸ ಬಿಟ್ಟು ಹೊರನಡೆದರು. ಆ ಬಳಿಕ ವಿಲಿಯಂ ಗ್ರೀವ್ಸ್ ಕಾರ್ಯಕಾರಿ ನಿರ್ಮಾಪಕರಾದರು, ಕಾರ್ಯಕ್ರಮಕ್ಕೆ ಎಮ್ಮಿ ಪ್ರಶಸ್ತಿ ಬಂತು, ಮ್ಯಾಡಲಿನ್ ಆಂಡರ್ಸನ್, ಸೇಂಟ್ ಕ್ಲೇರ್ ಬೋರ್ನ್ ಅವರಂಥ ಚಿತ್ರನಿರ್ಮಾಪಕರು ಅಲ್ಲಿ ಕೆಲಸ ಮಾಡಿದರು. 1970ರಲ್ಲಿ ಟೋನಿ ಬ್ರೌನ್ ಅದರ ಹೊಣೆ ಹೊತ್ತರು. ಎಲ್ಲಿಸ್ ಹೈಜ್ಲಿಪ್ ನಡೆಸುತ್ತಿದ್ದ 'ಸೋಲ್!' ಸಂಗೀತ, ಕಾವ್ಯ, ರಾಜಕೀಯ ಚರ್ಚೆಗಳನ್ನು ಒಂದೇ ವೇದಿಕೆಗೆ ತಂದಿತ್ತು. ಕವಿ ನಿಕ್ಕಿ ಜೊವಾನಿ ಮತ್ತು ಲೇಖಕ ಜೇಮ್ಸ್ ಬಾಲ್ಡ್ವಿನ್ 1971ರಲ್ಲಿ ಲಂಡನ್ನಿನಲ್ಲಿ ಕುಳಿತು ನಡೆಸಿದ ದೀರ್ಘ ಸಂವಾದ ಪ್ರಸಾರವಾದದ್ದು ಅದರಲ್ಲೇ. ಈ ಎರಡಕ್ಕೂ ಹಣ ಬರಬೇಕಾಗಿದ್ದದ್ದು ದತ್ತಿಸಂಸ್ಥೆಗಳಿಂದ ಮತ್ತು ಸರ್ಕಾರದ ಅನುದಾನ ಹಂಚುವ ಸಾರ್ವಜನಿಕ ಪ್ರಸಾರ ನಿಗಮದಿಂದ. 1972ರ ಜೂನ್ 30ರಂದು ಅಧ್ಯಕ್ಷ ನಿಕ್ಸನ್ ನಿಗಮದ ಅನುದಾನದ ಮಸೂದೆಯನ್ನು ತಡೆಹಿಡಿದ ಮೇಲೆ, ಯಾವ ಕಾರ್ಯಕ್ರಮಕ್ಕೆ ಹಣ, ಯಾವುದಕ್ಕಿಲ್ಲ ಎಂಬ ಪ್ರಶ್ನೆ ರಾಜಕೀಯದ ಅಂಗಳಕ್ಕೆ ಬಿತ್ತು. ವೀಕ್ಷಕರು ರಾಶಿ ರಾಶಿ ಪತ್ರ ಬರೆದರು, ಸಂಘಟನೆಗಳು ದನಿ ಎತ್ತಿದವು. 'ಬ್ಲ್ಯಾಕ್ ಜರ್ನಲ್' ಹೇಗೋ ಉಸಿರು ಹಿಡಿದುಕೊಂಡಿತು. 'ಸೋಲ್!' 1973ರಲ್ಲಿ ಮುಗಿದುಹೋಯಿತು. ಅಷ್ಟೊಂದು ಪ್ರೀತಿಸುವ ವೀಕ್ಷಕರಿದ್ದೂ ಅದು ಉಳಿಯದೆ ಹೋದದ್ದು, ಪ್ರೀತಿಯ ಪತ್ರಗಳಿಗೂ ಪರವಾನಗಿಯ ತಕರಾರಿಗೂ ಇರುವ ಅಂತರವನ್ನು ನನಗೆ ಮನಗಾಣಿಸಿದೆ. ಅನುದಾನ ಕೊಡುವವರನ್ನು ಕಟ್ಟಿಹಾಕುವಂಥ ಕಾನೂನು ವೀಕ್ಷಕರ ಬಳಿ ಇರಲಿಲ್ಲ.

ಪರವಾನಗಿಯ ಕಾನೂನು ಸಾರ್ವಜನಿಕ ನಿಲ್ದಾಣಗಳಿಗೂ ಅನ್ವಯಿಸುತ್ತದೆ ಎಂಬುದನ್ನು ಅಲಬಾಮಾದ ಪ್ರಕರಣ ತೋರಿಸಿತು. ರಾಜ್ಯದ ಜನಸಂಖ್ಯೆಯ ಕಾಲು ಭಾಗಕ್ಕಿಂತ ಹೆಚ್ಚು ಜನ ಕಪ್ಪು ವರ್ಣದವರಾಗಿದ್ದರೂ, ಅಲ್ಲಿನ ಸರ್ಕಾರಿ ಶೈಕ್ಷಣಿಕ ದೂರದರ್ಶನ ಜಾಲ ಅವರನ್ನು ಕುರಿತ ರಾಷ್ಟ್ರೀಯ ಕಾರ್ಯಕ್ರಮಗಳನ್ನು ಸರಣಿಯಾಗಿ ತಿರಸ್ಕರಿಸುತ್ತಿತ್ತು. ದೇಶದ ಉಳಿದೆಡೆ 'ಬ್ಲ್ಯಾಕ್ ಜರ್ನಲ್' ನೋಡುತ್ತಿದ್ದಾಗ ಅಲಬಾಮಾದ ಮನೆಗಳಿಗೆ ಅಂಥವು ತಲುಪುತ್ತಿರಲಿಲ್ಲ. 1970ರಲ್ಲಿ ಕೆಲವೇ ಕೆಲವು ನಾಗರಿಕರು ಇದನ್ನು ಪ್ರಶ್ನಿಸಿದರು. ಕಮಿಷನ್ ಮೊದಲು ಅವರ ದೂರನ್ನು ಬದಿಗೊತ್ತಿತು. ಅವರು ಬಿಡಲಿಲ್ಲ. 1975ರಲ್ಲಿ ಎಫ್‌ಸಿಸಿ ಆ ಜಾಲದ ಪರವಾನಗಿಗಳನ್ನು ನವೀಕರಿಸಲು ನಿರಾಕರಿಸಿತು. ಸಾರ್ವಜನಿಕ ಪ್ರಸಾರ ಸಂಸ್ಥೆಯೊಂದಕ್ಕೆ ಅಂಥ ಶಿಕ್ಷೆಯಾದದ್ದು ಅದೇ ಮೊದಲು. ಅದಕ್ಕೆ ಮತ್ತೆ ಅರ್ಜಿ ಹಾಕಲು ಅವಕಾಶ ಸಿಕ್ಕಿತು, ಪರವಾನಗಿಯೂ ಮರಳಿತು. ಆದರೂ ನಿಲ್ದಾಣ ಏನನ್ನು ತೋರಿಸಿತು ಎಂಬುದರಷ್ಟೇ, ಏನನ್ನು ತೋರಿಸದೆ ಬಿಟ್ಟಿತು ಎಂಬುದೂ ವಿಚಾರಣೆಯ ವಿಷಯವಾಗಬಲ್ಲದು ಎಂಬುದು ದಾಖಲಾಯಿತು.

1978ರಲ್ಲಿ ಸಾರ್ವಜನಿಕ ಪ್ರಸಾರದಲ್ಲಿ ಅಲ್ಪಸಂಖ್ಯಾತರ ಸ್ಥಿತಿಯನ್ನು ಪರಿಶೀಲಿಸಿದ ಕಾರ್ಯಪಡೆಯೊಂದು ಕಟುವಾದ ವರದಿ ಕೊಟ್ಟಿತು. ಮರುವರ್ಷ ಒಹಾಯೊದ ಕೊಲಂಬಸ್‌ನಲ್ಲಿ ಮೇಬಲ್ ಹ್ಯಾಡಕ್ ಅವರ ಮುಂದಾಳತ್ವದಲ್ಲಿ, ಸಾರ್ವಜನಿಕ ದೂರದರ್ಶನಕ್ಕೆ ಕಪ್ಪು ಜನರ ಕಾರ್ಯಕ್ರಮಗಳನ್ನು ಒದಗಿಸುವ 'ನ್ಯಾಷನಲ್ ಬ್ಲ್ಯಾಕ್ ಪ್ರೋಗ್ರಾಮಿಂಗ್ ಕನ್ಸಾರ್ಷಿಯಂ' ಹುಟ್ಟಿತು. ಅದು ಇಂದು 'ಬ್ಲ್ಯಾಕ್ ಪಬ್ಲಿಕ್ ಮೀಡಿಯಾ' ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ಇಷ್ಟು ಹೊತ್ತಿಗೆ ನೆಲೆ ಗಟ್ಟಿಯಾಯಿತೆಂದು ಯಾರಾದರೂ ಭಾವಿಸಿದ್ದರೆ ಆಶ್ಚರ್ಯವಿಲ್ಲ. ಆದರೆ 1980ರ ದಶಕದಲ್ಲಿ ನೆಲವೇ ಸರಿಯಿತು. 1981ರಲ್ಲಿ ದೂರದರ್ಶನ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. 1984ರಲ್ಲಿ ಎಫ್‌ಸಿಸಿ, ಊರಿನ ಸಮಸ್ಯೆಗಳನ್ನು ಜನರಿಂದ ಕೇಳಿ ತಿಳಿಯಬೇಕೆಂಬ ಕಟ್ಟುಪಾಡನ್ನೂ, ಸ್ಥಳೀಯ ಮತ್ತು ಮಾಹಿತಿ ಕಾರ್ಯಕ್ರಮಗಳಿಗೆ ಇಂತಿಷ್ಟು ಪಾಲು ಇರಬೇಕೆಂಬ ಮಾನದಂಡವನ್ನೂ ವಾಣಿಜ್ಯ ದೂರದರ್ಶನಕ್ಕೆ ತೆಗೆದುಹಾಕಿತು. 1987ರಲ್ಲಿ ವಿವಾದದ ವಿಷಯಗಳಲ್ಲಿ ಎಲ್ಲ ಪಕ್ಷಗಳಿಗೂ ಅವಕಾಶ ಕೊಡಬೇಕೆಂಬ ನ್ಯಾಯಯುತತೆಯ ನಿಯಮವೂ ಹೋಯಿತು. ಮೆಡ್ಗರ್ ಎವರ್ಸ್ ಆ 17 ನಿಮಿಷಗಳನ್ನು ಕೇಳಿ ಪಡೆದದ್ದು ಆ ಜಾತಿಯ ನಿಯಮದ ಆಧಾರದ ಮೇಲೆಯೇ. 1996ರ ದೂರಸಂಪರ್ಕ ಕಾಯ್ದೆ ಪರವಾನಗಿಯ ಅವಧಿಯನ್ನು ಎಂಟು ವರ್ಷಕ್ಕೆ ಎಳೆಯಿತು. ಮೂರು ವರ್ಷಕ್ಕೊಮ್ಮೆ ಬರುತ್ತಿದ್ದ ಲೆಕ್ಕದ ದಿನ ಎಂಟು ವರ್ಷ ದೂರ ಹೋದಾಗ, ಚಳವಳಿ ನಡೆಸುವವರ ಒಂದು ತಲೆಮಾರೇ ನಡುವೆ ಚದುರಿಹೋಗುತ್ತದೆ. ಇದನ್ನೆಲ್ಲ ಮಾರುಕಟ್ಟೆಯ ಸ್ವಾತಂತ್ರ್ಯ ಎಂಬ ಹೆಸರಿನಲ್ಲಿ ಮಾಡಲಾಯಿತು. ಜಾಹೀರಾತುದಾರರಿಗೆ ಬೇಡವಾದ ಚರ್ಚೆಗೆ ಮಾರುಕಟ್ಟೆಯಲ್ಲಿ ಯಾವ ಜಾಗ ಸಿಗುತ್ತದೆ ಎಂಬ ಪ್ರಶ್ನೆಗೆ ಮಾತ್ರ ಉತ್ತರ ಬರಲಿಲ್ಲ.

ಆಮೇಲಿನ ಹೋರಾಟಗಳಲ್ಲಿ ದನಿ ಮೊದಲಿನಷ್ಟೇ ಗಟ್ಟಿಯಾಗಿತ್ತು, ಹಿಡಿತ ಸಡಿಲವಾಗಿತ್ತು. ಡೆಟ್ರಾಯಿಟ್‌ನ ಡಬ್ಲ್ಯುಜಿಪಿಆರ್, ವಿಲಿಯಂ ಬ್ಯಾಂಕ್ಸ್ ಅವರ ನೇತೃತ್ವದಲ್ಲಿ 1975ರ ಸೆಪ್ಟೆಂಬರ್ 29ರಂದು ಆರಂಭವಾದ, ಅಮೆರಿಕದ ಮುಖ್ಯಭೂಮಿಯಲ್ಲಿ ಕಪ್ಪು ಒಡೆತನದ ಮೊದಲ ದೂರದರ್ಶನ ಕೇಂದ್ರ. 1990ರ ದಶಕದ ಮಧ್ಯದಲ್ಲಿ ಅದನ್ನು ರಾಷ್ಟ್ರೀಯ ದೂರದರ್ಶನ ಜಾಲವಾದ ಸಿಬಿಎಸ್‌ಗೆ ಮಾರಿದಾಗ ಊರಿನ ಜನ ಪ್ರತಿಭಟಿಸಿದರು, ಆದರೂ ಮಾರಾಟ ನಡೆಯಿತು. ಕಪ್ಪು ಪ್ರೇಕ್ಷಕರ ಕೇಬಲ್ ವಾಹಿನಿ ಬಿಇಟಿ 2001ರಲ್ಲಿ ಟಾವಿಸ್ ಸ್ಮೈಲಿ ಅವರ ಚರ್ಚಾ ಕಾರ್ಯಕ್ರಮದ ಒಪ್ಪಂದವನ್ನು ಕೈಬಿಟ್ಟಾಗ, ರೇಡಿಯೊ ನಿರೂಪಕ ಟಾಮ್ ಜಾಯ್ನರ್ ಅವರ ಕರೆಗೆ ಓಗೊಟ್ಟ ಕೇಳುಗರು ಮಾತೃಸಂಸ್ಥೆಗೆ ದೂರವಾಣಿ ಕರೆಗಳ ಮಳೆಗರೆದರು. ನಿರ್ಧಾರ ಬದಲಾಗಲಿಲ್ಲ. ಮರುವರ್ಷದ ಕೊನೆಗೆ ಆ ವಾಹಿನಿ ತನ್ನ ಉಳಿದ ಚರ್ಚಾ ಕಾರ್ಯಕ್ರಮಗಳನ್ನೂ ಕೈಬಿಟ್ಟಿತು. ಕೇಬಲ್ ವಾಹಿನಿಗೆ ಪ್ರಸಾರ ಪರವಾನಗಿಯೇ ಇಲ್ಲವಾದ್ದರಿಂದ ತಕರಾರು ಸಲ್ಲಿಸುವುದಕ್ಕೆ ಕಚೇರಿಯೇ ಇರಲಿಲ್ಲ.

ಇವೆಲ್ಲದರ ನಡುವೆ ಬೆರಗು ಹುಟ್ಟಿಸುವುದು 'ಲೈಕ್ ಇಟ್ ಈಸ್'ನ ಆಯುಷ್ಯ. ನ್ಯೂಯಾರ್ಕಿನ ಡಬ್ಲ್ಯುಎಬಿಸಿ, ಲಾಭಕ್ಕಾಗಿಯೇ ನಡೆಯುವ ದೊಡ್ಡ ವಾಣಿಜ್ಯ ನಿಲ್ದಾಣ. ಅಂಥಲ್ಲಿ ಗಿಲ್ ನೋಬಲ್ ಭಾನುವಾರಗಳಂದು ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಕಾರ್ಯಕ್ರಮ ನಡೆಸಿದರು. ಹಾರ್ಲೆಮ್‌ನಲ್ಲಿ ಹುಟ್ಟಿ, ಜಾಝ್ ಪಿಯಾನೊ ನುಡಿಸುತ್ತಿದ್ದ ಅವರು ಪತ್ರಕರ್ತರಾಗಿ ಆ ನಿಲ್ದಾಣಕ್ಕೆ ಬಂದದ್ದು 1967ರಲ್ಲಿ. ಅವರ ಎದುರು ನಾಗರಿಕ ಹಕ್ಕುಗಳ ಹೋರಾಟಗಾರರಾದ ಫ್ಯಾನಿ ಲೂ ಹೇಮರ್, ಸ್ಟೋಕ್ಲಿ ಕಾರ್ಮೈಕಲ್, ಬಾಕ್ಸರ್ ಮುಹಮ್ಮದ್ ಅಲಿ, ಗಾಯಕರಾದ ಲೀನಾ ಹಾರ್ನ್, ಬಾಬ್ ಮಾರ್ಲಿ ಕುಳಿತರು. ಕಪ್ಪು ಜನರ ನಾಯಕ ಮಾಲ್ಕಮ್ ಎಕ್ಸ್ ಅವರನ್ನು ದ್ವೇಷದ ಪ್ರತಿಮೆಯಾಗಿ ಮಾತ್ರ ತೋರಿಸುತ್ತಿದ್ದ ಕಾಲದಲ್ಲೇ, ನೋಬಲ್ ಅವರ ಚಿಂತನೆಯನ್ನು ಗಂಭೀರವಾಗಿ ಮಂಡಿಸಿದರು. ಆತುರವಿಲ್ಲದೆ ಕೇಳುವುದು, ಉತ್ತರಿಸುವವರು ಮಾತು ಮುಗಿಸುವವರೆಗೆ ಬಿಡುವುದು ನೋಬಲ್ ಅವರ ರೀತಿ. ವಾಣಿಜ್ಯ ದೂರದರ್ಶನದಲ್ಲಿ ಅದೇ ದೊಡ್ಡ ಧೈರ್ಯ. ಕಾರ್ಯಕ್ರಮಕ್ಕೆ ಕುತ್ತು ಬಂತೆಂಬ ಸುದ್ದಿ ಹಬ್ಬಿದಾಗಲೆಲ್ಲ ಅವರ ವೀಕ್ಷಕರು ಗುಂಪುಗೂಡಿದರು, ನಿಲ್ದಾಣಕ್ಕೆ ತಮ್ಮ ಸಂಖ್ಯೆಯನ್ನು ತೋರಿಸಿದರು. 2011ರ ಬೇಸಿಗೆಯಲ್ಲಿ ನೋಬಲ್ ಪಾರ್ಶ್ವವಾಯುವಿಗೆ ತುತ್ತಾದರು, ಅದೇ ವರ್ಷ ಕಾರ್ಯಕ್ರಮ ನಿಂತು ಅದರ ಜಾಗಕ್ಕೆ ಬೇರೊಂದು ಬಂತು. 2012ರ ಏಪ್ರಿಲ್ 5ರಂದು ಅವರು ತೀರಿಕೊಂಡರು.

ಉಳಿಸುವುದೆಂದರೆ ಟೇಪುಗಳನ್ನು ಉಳಿಸುವುದೂ ಹೌದು. ಎರಡಂಗುಲ ಅಗಲದ ಆ ಕಾಲದ ವಿಡಿಯೊ ಟೇಪು ಬಹಳ ದುಬಾರಿ. ಆದ್ದರಿಂದ ಪ್ರಸಾರ ಮುಗಿದ ಕಂತಿನ ಮೇಲೆಯೇ ಮುಂದಿನದನ್ನು ಮುದ್ರಿಸಿಕೊಳ್ಳುವುದು ನಿಲ್ದಾಣಗಳ ಸಾಮಾನ್ಯ ರೂಢಿಯಾಗಿತ್ತು. ಯಾವುದನ್ನು ಅಳಿಸಬೇಕು ಎಂದು ನಿರ್ಧರಿಸುವಾಗ, ಕಡಿಮೆ ಬಜೆಟ್ಟಿನ ಸ್ಥಳೀಯ ಚರ್ಚಾ ಕಾರ್ಯಕ್ರಮಗಳ ಪಾಲಿಗೆ ಏನು ಬಂದಿತೆಂದು ಬಿಡಿಸಿ ಹೇಳಬೇಕಿಲ್ಲ. ಡೆಟ್ರಾಯಿಟ್ ಇದಕ್ಕೊಂದು ಒಳ್ಳೆಯ ಅಪವಾದ. ಅಲ್ಲಿನ ಸಾರ್ವಜನಿಕ ನಿಲ್ದಾಣವೂ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯವೂ ಸೇರಿ 'ಡೆಟ್ರಾಯಿಟ್ ಬ್ಲ್ಯಾಕ್ ಜರ್ನಲ್'ನ ಹಳೆಯ ಕಂತುಗಳನ್ನು ಡಿಜಿಟಲ್ ರೂಪಕ್ಕೆ ತಂದವು. ಆ ಕಾರ್ಯಕ್ರಮವೂ 'ಅಮೆರಿಕನ್ ಬ್ಲ್ಯಾಕ್ ಜರ್ನಲ್' ಎಂಬ ಹೆಸರಿನಲ್ಲಿ ಮುಂದುವರಿದಿದೆ. ಇಂಥ ಸಂಗ್ರಹಗಳಲ್ಲಿ ಪ್ರಸಿದ್ಧರ ಸಂದರ್ಶನಗಳಿಗಿಂತ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಶಾಲಾ ಮಂಡಳಿ, ವಸತಿ, ಕಾರ್ಖಾನೆಯ ಕೆಲಸ ಇವುಗಳ ಬಗ್ಗೆ ಊರಿನ ಜನ ಆಡಿದ ಮಾತುಗಳು. ಅವು ಬೇರೆಲ್ಲೂ ದಾಖಲಾಗಿಲ್ಲ.

2025ರ ಜುಲೈನಲ್ಲಿ ಅಮೆರಿಕದ ಕಾಂಗ್ರೆಸ್, ಸಾರ್ವಜನಿಕ ಪ್ರಸಾರ ನಿಗಮಕ್ಕೆ ಎರಡು ವರ್ಷಗಳಿಗೆಂದು ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರ್ ಅನುದಾನವನ್ನು ಹಿಂದಕ್ಕೆ ಪಡೆಯಿತು. ಮರುತಿಂಗಳೇ ನಿಗಮ ತಾನು ಬಾಗಿಲು ಮುಚ್ಚುತ್ತಿರುವುದಾಗಿ ಪ್ರಕಟಿಸಿತು. 1972ರಲ್ಲಿ 'ಸೋಲ್!' ಕತ್ತಿಗೆ ಬಿದ್ದ ಉರುಳು ಈಗ ಇಡೀ ವ್ಯವಸ್ಥೆಯ ಕತ್ತಿಗೆ ಬಿದ್ದಿದೆ. ದೇಣಿಗೆ ಕೊಡಬಲ್ಲ ಶ್ರೀಮಂತ ವೀಕ್ಷಕರಿಲ್ಲದ ನಿಲ್ದಾಣಗಳಲ್ಲಿ ಮೊದಲು ಕತ್ತರಿ ಬೀಳುವುದು ಯಾವ ಕಾರ್ಯಕ್ರಮಗಳ ಮೇಲೆ ಎಂಬ ಚಿಂತೆ ನನ್ನನ್ನು ಕಾಡುತ್ತಿದೆ. ಬಹಳ ಜನ ಈಗ ಯೂಟ್ಯೂಬ್ ಇದೆಯಲ್ಲ, ಪಾಡ್‌ಕಾಸ್ಟ್ ಇದೆಯಲ್ಲ ಎನ್ನುತ್ತಾರೆ. ಅವುಗಳಿಂದ ಉಪಕಾರವಾಗಿದೆ, ನಿಜ. ಆದರೆ ಅಲ್ಲಿನ ಕಾರ್ಯಕ್ರಮವೊಂದು ಕಾಣದಂತಾದಾಗ, ಯಾರ ಮುಂದೆ, ಯಾವ ಹಕ್ಕಿನಿಂದ ಪ್ರಶ್ನಿಸಬೇಕು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ. ಸಾರ್ವಜನಿಕ ತರಂಗ ಬಳಸುವ ನಿಲ್ದಾಣದ ಮುಂದೆ ಆ ಹಕ್ಕು ಇನ್ನೂ ಇದೆ.

ಎಷ್ಟೇ ಸವೆದಿದ್ದರೂ 1966ರ ತೀರ್ಪು ಕೊಟ್ಟ ಹಕ್ಕನ್ನು ಯಾರೂ ಹಿಂದಕ್ಕೆ ಪಡೆದಿಲ್ಲ. ಪ್ರತಿ ನಿಲ್ದಾಣವೂ ಮೂರು ತಿಂಗಳಿಗೊಮ್ಮೆ, ಊರಿನ ಯಾವ ಸಮಸ್ಯೆಗಳ ಬಗ್ಗೆ ಯಾವ ಕಾರ್ಯಕ್ರಮ ತೋರಿಸಿದೆ ಎಂಬ ಪಟ್ಟಿಯನ್ನು ಸಾರ್ವಜನಿಕ ಕಡತದಲ್ಲಿ ಇಡಲೇಬೇಕು. 2012ರಿಂದ ದೂರದರ್ಶನ ನಿಲ್ದಾಣಗಳ ಆ ಕಡತಗಳು ಎಫ್‌ಸಿಸಿಯ ಜಾಲತಾಣದಲ್ಲಿಯೇ ಇವೆ, ಹಿಂದಿನವರಂತೆ ನಿಲ್ದಾಣದ ಕಚೇರಿಗೆ ಹೋಗಿ ಗುಮಾಸ್ತರ ಮುಖ ನೋಡಬೇಕಿಲ್ಲ. ದೂರದರ್ಶನ ಪರವಾನಗಿಗಳ ಕಳೆದ ಸುತ್ತಿನ ನವೀಕರಣ 2020ರ ಜೂನ್‌ನಲ್ಲಿ ವಾಷಿಂಗ್ಟನ್, ಮೇರಿಲ್ಯಾಂಡ್, ವರ್ಜೀನಿಯಾ ಪ್ರದೇಶದ ನಿಲ್ದಾಣಗಳಿಂದ ಆರಂಭವಾಗಿ 2023ರಲ್ಲಿ ಮುಗಿಯಿತು. ಎಂಟು ವರ್ಷದ ಲೆಕ್ಕದಂತೆ ಮುಂದಿನ ಸುತ್ತು 2028ರ ಜೂನ್‌ನಲ್ಲಿ ಅದೇ ಪ್ರದೇಶದಿಂದ ಶುರುವಾಗಬೇಕು. ಒಂದು ನಿಲ್ದಾಣದ ಮೂರು ತಿಂಗಳ ಪಟ್ಟಿಯನ್ನೂ ಅದು ನಿಜವಾಗಿ ಪ್ರಸಾರ ಮಾಡಿದ್ದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಅಲ್ಲಿನ ಸಮುದಾಯ ಸಂಘಟನೆಗಳು ಈಗಲೇ ಕೈಗೆತ್ತಿಕೊಂಡರೆ, ಅರ್ಜಿ ಬರೆಯುವ ಹೊತ್ತಿಗೆ ಅವರ ಕೈಯಲ್ಲಿ ಒಂದು ವಾರದ ಬದಲು ವರ್ಷಗಳ ದಾಖಲೆ ಇರುತ್ತದೆ.